ಅಂಬಾಸಡರ್‌ನ ಬೀಡಿಂಗ್, ಹೆಡ್‌ಲೈಟ್ ರಿಂಗ್, ಲೈಟ್ ಗ್ಲಾಸ್: ಸಡಿಲ ಎಲ್ಲಿದೆ ಅಂತ ಹುಡುಕುವ ಬಗೆ

ಹೋದ ವರ್ಷ ಆರಿದ್ರಾ ಮಳೆ ಹಿಡಿದಾಗ ನಮ್ಮ ಕಾರಿನ ಎಡಗಡೆ ಹೆಡ್‌ಲೈಟ್ ರಿಂಗ್ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. 1986ರ ಅಂಬಾಸಡರ್ ಮಾರ್ಕ್ 4. ಅಪ್ಪ ತಂದಿದ್ದ ಕಾರು. ಆ ರಿಂಗ್ ಬೀಳುವ ಮೊದಲು ಎರಡು ತಿಂಗಳು ಟಿಣ್ ಟಿಣ್ ಅಂತ ಸದ್ದು ಮಾಡಿತ್ತು. ಒಬ್ಬರು ಸುತ್ತಲೂ ಸಿಲಿಕಾನ್ ಹಚ್ಚಿ ಕೊಟ್ಟಿದ್ದರು. ಸದ್ದು ನಿಂತಿತು, ನಾನೂ ಅದನ್ನು ಮರೆತೆ. ರಿಂಗ್ ಹೋದ ಮೇಲೆ ಬಗ್ಗಿ ನೋಡಿದರೆ ಸ್ಕ್ರೂ ಹಿಡಿಯಬೇಕಾದ ತಗಡೇ ತುಕ್ಕು ತಿಂದು ಪುಡಿಯಾಗಿತ್ತು. ಸಿಲಿಕಾನ್ ಹಿಡಿದುಕೊಂಡಿದ್ದು ಆ ತುಕ್ಕಿನ ಪುಡಿಯನ್ನು.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಏನೇ ಸಡಿಲವಾದರೂ ತಕ್ಷಣ ಬಿಗಿ ಮಾಡುವುದಿಲ್ಲ, ಅಂಟಿಸುವುದೂ ಇಲ್ಲ. ಮೊದಲು ಬಿಚ್ಚುತ್ತೇನೆ. ಅದನ್ನು ಇಷ್ಟು ವರ್ಷ ಹಿಡಿದುಕೊಂಡಿದ್ದದ್ದು ಯಾವುದು, ಅದಕ್ಕೆ ಏನಾಯಿತು ಅಂತ ನೋಡುತ್ತೇನೆ. ಹೆಚ್ಚಿನ ಸಲ ಸಡಿಲವಾಗಿ ಕಾಣುವ ಭಾಗ ಸರಿಯಾಗೇ ಇರುತ್ತದೆ. ಅದರ ಹಿಂದಿನ ಕ್ಲಿಪ್ಪು, ರಬ್ಬರು, ಇಲ್ಲವೇ ತಗಡಿನ ತೂತು ಕೆಟ್ಟಿರುತ್ತದೆ.

ಕಾರು ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೂ ದೋಷ ಬೇರೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತ ಕಾರಿಗೆ ಜೂನಿನಿಂದ ಸೆಪ್ಟೆಂಬರ್ ತನಕ ಸರಿಯಾಗಿ ಬಿಸಿಲೇ ಬೀಳುವುದಿಲ್ಲ. ಹಾಗಾಗಿ ಇಲ್ಲಿ ಮೊದಲು ಹೋಗುವುದು ತಗಡು ಮತ್ತು ಸ್ಕ್ರೂ. ಶಿವಮೊಗ್ಗ ಪೇಟೆಯಲ್ಲಿ, ಭದ್ರಾವತಿ ಕಡೆ ರಸ್ತೆ ಬದಿ ಬಿಸಿಲಿಗೆ ನಿಂತ ಕಾರಿನಲ್ಲಿ ಮೊದಲು ಹೋಗುವುದು ರಬ್ಬರ್. ಅದು ಗಟ್ಟಿಯಾಗಿ, ಬಿರುಕು ಬಿಟ್ಟು, ಕುಗ್ಗಿಬಿಡುತ್ತದೆ. ಸ್ಕ್ರೂ ಹಾಗೇ ಇದ್ದರೂ ಮಧ್ಯೆ ಸಂದಿ ಬೀಳುತ್ತದೆ. ಮಲೆನಾಡಿನ ಕಾರಾದರೆ ಸ್ಕ್ರೂ ತೂತು ಮೊದಲು ನೋಡಿ, ಬಯಲುಸೀಮೆ ಕಡೆಯ ಕಾರಾದರೆ ರಬ್ಬರ್ ಮೊದಲು ನೋಡಿ.

ಸದ್ದು ಎಲ್ಲಿಂದ ಬರುತ್ತಿದೆ

ಒಳಗೆ ಕೂತವರಿಗೆ ಸದ್ದಿನ ಜಾಗ ತಪ್ಪಾಗಿ ಕೇಳುತ್ತದೆ. ತಗಡಿನಲ್ಲಿ ಸದ್ದು ಓಡುತ್ತದೆ. ನನ್ನ ಅಕ್ಕನ ಮಗ ಹಿಂದೆ ಕೂತು, "ಮಾವ, ಹಿಂದಿನ ಬಾಗಿಲೇ ಅದು, ನನ್ನ ಕಿವಿ ಪಕ್ಕಾನೇ ಕೇಳ್ತಾ ಇದೆ" ಅಂತ ಹೇಳಿದ. ಬಾಗಿಲಿನ ಒಳಪ್ಯಾನೆಲ್ ಬಿಚ್ಚಿ ಅರ್ಧ ದಿನ ಕಳೆದೆವು. ಕೊನೆಗೆ ಅದು ನಂಬರ್ ಪ್ಲೇಟ್ ಲೈಟಿನ ಮುಚ್ಚಳ ಆಗಿತ್ತು.

ಅದಕ್ಕೇ ಮೊದಲು ಸದ್ದು ಯಾವಾಗ ಬರುತ್ತದೆ ಅಂತ ಗಮನಿಸಿ. ಕಾರು ನಿಂತಿದ್ದು ಎಂಜಿನ್ ಓಡುತ್ತಿರುವಾಗಲೇ ಜುಂಯ್ ಅಂತ ಬಂದರೆ ಅದು ಎಂಜಿನ್ ನಡುಕಕ್ಕೆ ಕುಣಿಯುವ ಭಾಗ. ಗ್ರಿಲ್, ಬಾನೆಟ್ ಮೇಲಿನ ಅಲಂಕಾರದ ಪಟ್ಟಿ, ಹೆಡ್‌ಲೈಟ್ ರಿಂಗ್ ಇವುಗಳ ಮೇಲೆ ಒಂದೊಂದಾಗಿ ಅಂಗೈ ಒತ್ತಿ ಹಿಡಿಯಿರಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲೇ ದೋಷ. ಗುಂಡಿಗೆ ಬಿದ್ದಾಗ ಮಾತ್ರ ಟಕ್ ಅಂದರೆ ಕ್ಲಿಪ್ಪೋ ಸ್ಕ್ರೂವೋ ಪೂರ್ತಿ ಬಿಟ್ಟಿದೆ. 60 ಕಿಲೋಮೀಟರ್ ವೇಗ ದಾಟಿದ ಮೇಲೆ ಮಾತ್ರ ಪಟಪಟ ಅಂತಲೋ ಸಿಳ್ಳೆಯ ಹಾಗೋ ಕೇಳಿದರೆ ಅದು ಗಾಳಿಗೆ ಎದ್ದ ಬೀಡಿಂಗ್, ಅಂದರೆ ಬಾಡಿಯ ಪಕ್ಕದಲ್ಲಿ ಉದ್ದಕ್ಕೂ ಕೂರಿಸಿದ ಲೋಹದ ಅಲಂಕಾರದ ಪಟ್ಟಿ. ಅದರ ಮುಂದಿನ ತುದಿ ಬಿಟ್ಟಿರುತ್ತದೆ, ಹಿಂದಿನದಲ್ಲ.

ಇನ್ನೂ ಗೊತ್ತಾಗದಿದ್ದರೆ ಮಾಸ್ಕಿಂಗ್ ಟೇಪ್ ತನ್ನಿ. ಪೇಂಟಿಂಗ್ ಮಾಡುವವರು ಬಳಸುವ ಕಾಗದದ ಟೇಪ್. ಅನುಮಾನ ಇರುವ ಎಲ್ಲ ಭಾಗಕ್ಕೂ ಅಂಟಿಸಿ ಒಂದು ಸುತ್ತು ಓಡಿಸಿ. ಸದ್ದು ನಿಂತಿತಾ? ಹಾಗಾದರೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಒಂದೊಂದೇ ಟೇಪ್ ತೆಗೆಯುತ್ತಾ ಬನ್ನಿ. ಸದ್ದು ಮರಳಿದಾಗ ಕೊನೆಗೆ ತೆಗೆದ ಟೇಪಿನ ಜಾಗ ನೋಡಿ. ಹೊತ್ತು ಹಿಡಿಯುತ್ತದೆ, ನಿಜ. ಆದರೆ ಸುಮ್ನೆ ಬಾಗಿಲು ಬಿಚ್ಚುವುದಕ್ಕಿಂತ ಬೇಗ ಆಗುತ್ತದೆ. ಸಂಜೆ ಟೇಪ್ ಬಿಡಿಸುವುದನ್ನು ಮರೆಯಬೇಡಿ. ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ಅದರ ಅಂಟು ಹಳೆ ಬಣ್ಣವನ್ನೇ ಎಬ್ಬಿಸಬಹುದು.

ಬೀಡಿಂಗ್

ಪಕ್ಕದ ಬೀಡಿಂಗನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಬೇಡಿ. ಬಣ್ಣ ಹೋಗುತ್ತದೆ, ಪಟ್ಟಿಯೂ ಒಂದೇ ಕಡೆ ಮಡಚಿಕೊಳ್ಳುತ್ತದೆ. ನಮ್ಮಲ್ಲಿ ಅದಕ್ಕೆ ಒಳ್ಳೆಯ ಸಾಧನ ಅಂಗಳದಲ್ಲೇ ಇದೆ. ಅಡಿಕೆ ದಬ್ಬೆಯದ್ದೋ ಬಿದಿರಿನದ್ದೋ ಒಂದು ಚಕ್ಕೆ ತೆಗೆದು ತುದಿ ತೆಳ್ಳಗೆ ಕೆತ್ತಿ, ಸ್ಯಾಂಡ್ ಪೇಪರ್ ಹಾಕಿ ನುಣುಪು ಮಾಡಿ. ಬಣ್ಣದ ಮೇಲೆ ಒಂದು ಬಟ್ಟೆ ಇಟ್ಟು, ಒಂದೊಂದು ಕ್ಲಿಪ್ಪಿನ ಹತ್ತಿರ ಚಕ್ಕೆ ತೂರಿಸಿ ಮೆಲ್ಲಗೆ ಎತ್ತಿ. ಒಂದೇ ಕಡೆಯಿಂದ ಎಳೆದರೆ ಪಟ್ಟಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ಪಟ್ಟಿಗೆ ಎಂಥ ಹೊಸ ಕ್ಲಿಪ್ ಹಾಕಿದರೂ ನಾಲ್ಕು ದಿನಕ್ಕೆ ಹಾರುತ್ತದೆ.

ಎತ್ತುವ ಮೊದಲು ತುದಿಗಳನ್ನು ಪರೀಕ್ಷೆ ಮಾಡಿ. ಎಷ್ಟೋ ಪಟ್ಟಿಗಳಲ್ಲಿ ಮಧ್ಯದಲ್ಲಿ ಒತ್ತಿ ಕೂರಿಸುವ ಸ್ಪ್ರಿಂಗ್ ಕ್ಲಿಪ್ ಇರುತ್ತದೆ, ತುದಿಯಲ್ಲಿ ಮಾತ್ರ ಬೋಲ್ಟ್ ಇದ್ದು ಒಳಗಿನಿಂದ ನಟ್ ಹಾಕಿರುತ್ತಾರೆ. ಬಾಗಿಲಿನಲ್ಲಾದರೆ ಒಳಪ್ಯಾನೆಲ್ ತೆಗೆಯದೆ ಆ ನಟ್ಟು ಸಿಗುವುದಿಲ್ಲ. ತುದಿ ಬರುತ್ತಿಲ್ಲ ಅಂತ ಜಗ್ಗಿದರೆ ಬೋಲ್ಟ್ ಮುರಿಯುತ್ತದೆ, ಇಲ್ಲವೇ ತಗಡು ಹರಿಯುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ನೋಡಬೇಕಾದ್ದು ಇಷ್ಟು. ಕ್ಲಿಪ್ಪನ್ನು ಬೆರಳಲ್ಲಿ ಒತ್ತಿ ಬಿಡಿ. ಪುಟಿದು ಮೊದಲಿನ ಹಾಗಾದರೆ ಅದು ಸರಿ ಇದೆ. ಒತ್ತಿದ ಹಾಗೇ ಉಳಿದರೆ ಅದರ ಕಸುವು ಹೋಗಿದೆ, ಬದಲಿಸಿ. ಇಕ್ಕಳದಲ್ಲಿ ಹಿರಿದು ಮತ್ತೆ ಹಾಕುವುದು ಒಂದು ಪ್ರಯಾಣಕ್ಕೆ ಆದೀತು, ಒಂದು ಮಳೆಗಾಲಕ್ಕೆ ಆಗದು. ಆಮೇಲೆ ತೂತು ನೋಡಿ. ದುಂಡಗಿದ್ದ ತೂತು ಅಂಡಾಕಾರ ಆಗಿದ್ದರೆ, ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ತೊಂದರೆ ಅಲ್ಲಿದೆ.

ಪಟ್ಟಿ ಯಾವ ಲೋಹದ್ದು ಅಂತಲೂ ತಿಳಿದಿರಬೇಕು. ಮ್ಯಾಗ್ನೆಟ್ ಬಲವಾಗಿ ಹಿಡಿದರೆ ಹೆಚ್ಚಾಗಿ ಅದು ಕ್ರೋಮ್ ಹಾಕಿದ ಕಬ್ಬಿಣ. ಹಿಡಿಯದೆ ಹಗುರಾಗಿದ್ದರೆ ಅಲ್ಯುಮಿನಿಯಂ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹಿಡಿಯುವುದೂ ಇದೆ, ಹಿಡಿಯದಿರುವುದೂ ಇದೆ, ಆದರೆ ಕೈಯಲ್ಲಿ ಭಾರ ಗೊತ್ತಾಗುತ್ತದೆ. ಸ್ಟೇನ್‌ಲೆಸ್ ಪಟ್ಟಿ ಡೊಂಕಾದರೆ ಮರದ ಹಲಗೆ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ನೆಟ್ಟಗೆ ಮಾಡಬಹುದು. ಅಲ್ಯುಮಿನಿಯಂ ಆದರೆ ಒಂದೇ ಸಲಕ್ಕೆ ಸರಿ ಮಾಡಿ. ಅಲ್ಲೇ ಮತ್ತೆ ಮತ್ತೆ ಬಗ್ಗಿಸಿದರೆ ಸೀಳುತ್ತದೆ.

ಇನ್ನೊಂದು ವಿಷಯ ನಮ್ಮ ಮಳೆಗೇ ಸೇರಿದ್ದು. ಅಲ್ಯುಮಿನಿಯಮ್ಮೋ ಸ್ಟೇನ್‌ಲೆಸ್ಸೋ ಬರಿ ಕಬ್ಬಿಣಕ್ಕೆ ತಾಗಿಕೊಂಡಿದ್ದು ಮಧ್ಯೆ ನೀರು ನಿಂತರೆ, ಬ್ಯಾಟರಿಯ ಒಳಗೆ ನಡೆಯುವಂಥ ಕೆಲಸವೇ ಅಲ್ಲಿ ಶುರುವಾಗುತ್ತದೆ. ಸ್ಟೇನ್‌ಲೆಸ್ ಪಕ್ಕದಲ್ಲಿ ಕಬ್ಬಿಣ ಬೇಗ ತುಕ್ಕಾಗುತ್ತದೆ. ಕಬ್ಬಿಣದ ಪಕ್ಕದಲ್ಲಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಹಾಗಾಗಿ ಕ್ಲಿಪ್ಪಿಗೂ ತಗಡಿಗೂ ನಡುವೆ ತೆಳು ರಬ್ಬರ್ ವಾಷರ್ ಹಾಕಿ, ತೂತಿನ ಅಂಚಿಗೆ ಬಣ್ಣ ಮುಟ್ಟಿಸಿ, ಆಮೇಲೆ ಗ್ರೀಸ್ ಹಚ್ಚಿ. ಈ ಮೂರನ್ನೂ ಮಾಡಿದ ಬಲಗಡೆಯ ಪಟ್ಟಿ ಈ ಮಳೆಗಾಲದಲ್ಲಿ ಅಲುಗಾಡಲಿಲ್ಲ.

ಹೆಡ್‌ಲೈಟ್ ರಿಂಗ್

ಇದು ಚಿಕ್ಕ ಕೆಲಸ. ನನ್ನ ಕಾರಿನಲ್ಲಿ ರಿಂಗ್ ಮೇಲ್ಗಡೆ ಒಂದು ನಾಲಗೆಗೆ ಸಿಕ್ಕಿಕೊಳ್ಳುತ್ತದೆ, ಕೆಳಗೆ ಒಂದು ಸ್ಕ್ರೂ. ಮೇಲೆ ಸರಿಯಾಗಿ ಕೂರದೆ ಕೆಳಗೆ ಸ್ಕ್ರೂ ಬಿಗಿದರೆ ಬಿಗಿಯಾದ ಹಾಗೇ ಅನ್ನಿಸುತ್ತದೆ. ಮೊದಲ ಗುಂಡಿಗೆ ಮೇಲಿನ ಅಂಚು ಎದ್ದುಬಿಡುತ್ತದೆ. ರಿಂಗಿನ ಮೇಲ್ಗಡೆ ಎರಡು ಹೆಬ್ಬೆರಳು ಇಟ್ಟು ನಿಮ್ಮ ಕಡೆ ಎಳೆದು ನೋಡಿ. ಬಂದರೆ ನಾಲಗೆ ಬಾಗಿದೆ ಇಲ್ಲವೇ ಸವೆದಿದೆ.

ರಿಂಗ್ ತೆಗೆದಾಗ ಒಳಗೆ ಇನ್ನೆರಡು ಸ್ಕ್ರೂ ಕಾಣುತ್ತವೆ, ಒಂದು ಮೇಲೆ, ಒಂದು ಪಕ್ಕದಲ್ಲಿ. ಅವು ಬೆಳಕಿನ ದಿಕ್ಕು ಹೊಂದಿಸುವವು. ಸಡಿಲ ಅಂತ ತಿಳಿದು ಅವನ್ನು ತಿರುಗಿಸಬೇಡಿ. ತಿರುಗಿಸಿದರೆ ಬೆಳಕು ಎದುರು ಬರುವವರ ಕಣ್ಣಿಗೋ ಮರದ ತುದಿಗೋ ಹೋಗುತ್ತದೆ. ಹುಲಿಕಲ್ ಘಾಟಿಯಲ್ಲಿ ಮಂಜು ಕವಿದ ರಾತ್ರಿ ಹಾಗಾದರೆ ಜೀವಕ್ಕೇ ಅಪಾಯ. ಆಗಲೇ ತಿರುಗಿಸಿಬಿಟ್ಟಿದ್ದರೆ ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ, ಸರಿ ಇರುವ ಇನ್ನೊಂದು ಲೈಟಿನ ಎತ್ತರಕ್ಕೆ ಇದನ್ನು ಹೊಂದಿಸಿ.

ಹಳೆ ಅಂಬಾಸಡರ್‌ನ ಬೇರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಾಗಾಗಿ ಇಂಚಿನ ಅಳತೆಯ ಥ್ರೆಡ್ (ಸ್ಕ್ರೂ ಮೈಮೇಲಿನ ಸುರುಳಿ ಗೀರು) ಅದರಲ್ಲಿ ಜಾಸ್ತಿ. ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿಯಲ್ಲಿ ಮಿಲಿಮೀಟರ್ ಅಳತೆ. ಕಳೆದುಹೋದ ಸ್ಕ್ರೂ ಬದಲಿಗೆ ಡಬ್ಬದಲ್ಲಿ ಸಿಕ್ಕ ಯಾವುದನ್ನೋ ಹಾಕಿದರೆ ಎರಡು ಸುತ್ತು ಹೋಗಿ ಗಟ್ಟಿಯಾಗುತ್ತದೆ. ಅದು ಬಿಗಿಯಾದದ್ದಲ್ಲ, ಥ್ರೆಡ್ ಹಾಳಾಗುತ್ತಿರುವುದು. ಬೆರಳಲ್ಲೇ ನಾಲ್ಕೈದು ಸುತ್ತು ಹೋಗದ ಸ್ಕ್ರೂ ಆ ತೂತಿನದ್ದಲ್ಲ.

ಟೈಲ್ ಲೈಟ್, ಇಂಡಿಕೇಟರ್ ಗ್ಲಾಸ್

ನಾವು ಗ್ಲಾಸ್ ಅನ್ನುತ್ತೇವೆ, ಆದರೆ ಅದು ಪ್ಲಾಸ್ಟಿಕ್. ಅತಿ ಹೆಚ್ಚು ಹಾಳಾಗುವುದು ಇದೇ, ಅದೂ ನಮ್ಮ ಕೈಯಿಂದಲೇ. ಅಲ್ಲಾಡುತ್ತಿದೆ ಅಂತ ಸ್ಕ್ರೂ ಬಿಗಿಯುತ್ತೇವೆ. ಇನ್ನೂ ಅಲ್ಲಾಡುತ್ತದೆ. ಇನ್ನೂ ಬಿಗಿಯುತ್ತೇವೆ. ಚಿಟ್ ಅನ್ನುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತಿದ್ದು 2014ರಲ್ಲಿ, ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತು. ಒಡೆದ ಗ್ಲಾಸಿಗೆ ಜೋಡಿ ಸಿಗುವುದು ಸುಲಭ ಇಲ್ಲ. ಶಿವಮೊಗ್ಗದ ಗುಜರಿ ಅಂಗಡಿಗಳನ್ನು ಅಲೆದು, ಬಣ್ಣ ಮಾಸದ ಒಂದು ಕೆಂಪು ಗ್ಲಾಸ್ ಹುಡುಕಿದವರಿಗೆ ಅದರ ಬೆಲೆ ಗೊತ್ತು.

ಹಾಗಾಗಿ ನಿಧಾನವಾಗಿ ನೋಡೋಣ. ಸ್ಕ್ರೂ ಬಿಗಿಯಾಗಿದ್ದೂ ಗ್ಲಾಸ್ ಅಲ್ಲಾಡುತ್ತಿದ್ದರೆ ಕೆಳಗಿನ ರಬ್ಬರ್ ಪ್ಯಾಕಿಂಗ್ ಕುಗ್ಗಿದೆ. ಸ್ಕ್ರೂ ಸುತ್ತುತ್ತಲೇ ಇದ್ದು ಬಿಗಿಯೇ ಆಗದಿದ್ದರೆ ತೂತು ದೊಡ್ಡದಾಗಿದೆ. ಎರಡೂ ಸರಿ ಇದ್ದು ಇಡೀ ಲೈಟೇ ಅಲ್ಲಾಡಿದರೆ ಲೈಟಿನ ಬಾಡಿಯನ್ನು ಮಡ್‌ಗಾರ್ಡಿಗೆ ಹಿಡಿದ ನಟ್ಟು ಸಡಿಲ. ಅದು ಡಿಕ್ಕಿಯ ಒಳಗಿನಿಂದ ಸಿಗುತ್ತದೆ. ಗ್ಲಾಸನ್ನೂ ಬಾಡಿಯನ್ನೂ ಬೇರೆ ಬೇರೆ ಹಿಡಿದು ಅಲ್ಲಾಡಿಸಿದರೆ ಈ ಮೂರರಲ್ಲಿ ಯಾವುದು ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ಯಾಕಿಂಗ್ ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಗ್ಲಾಸಿಗೂ ಪ್ಯಾಕಿಂಗಿಗೂ ಮಧ್ಯೆ ಕಾಗದ ಇಟ್ಟು ಸ್ಕ್ರೂ ಹಾಕಿ, ಆಮೇಲೆ ಕಾಗದ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಜಾರಿ ಬಂದರೆ ಅಲ್ಲಿ ಸಂದಿ ಇದೆ, ನೀರು ಹೋಗುತ್ತದೆ. ಸುತ್ತಲೂ ನಾಲ್ಕೈದು ಕಡೆ ಹೀಗೇ ನೋಡಿ. ಹೊಸ ಪ್ಯಾಕಿಂಗ್ ಕತ್ತರಿಸುವುದಾದರೆ ಹಾಸಿಗೆಯ ಸ್ಪಾಂಜ್ ಬೇಡವೇ ಬೇಡ. ಅದು ನೀರು ಕುಡಿದು ಮಳೆಗಾಲ ಪೂರ್ತಿ ತಗಡಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗೆ ಕೂರುತ್ತದೆ. ನೀರು ಹೀರದ ಗಟ್ಟಿ ಫೋಮ್ ರಬ್ಬರ್ ಹಾಳೆ ತನ್ನಿ. ಅನುಮಾನ ಇದ್ದರೆ ಅಂಗಡಿಯಲ್ಲೇ ಒಂದು ಚೂರನ್ನು ನೀರಿನಲ್ಲಿ ಹಿಂಡಿ ನೋಡಿ. ನೀರು ಕುಡಿದರೆ ಅಲ್ಲೇ ಬಿಟ್ಟು ಬನ್ನಿ.

ಗ್ಲಾಸ್ ಕೂರಿಸುವಾಗ ಸ್ಕ್ರೂ ತಲೆಯ ಕೆಳಗೆ ಒಂದು ಫೈಬರ್ ಇಲ್ಲವೇ ರಬ್ಬರ್ ವಾಷರ್ ಇರಲಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಬೆರಳಲ್ಲಿ ಹಾಕಿ. ಆಮೇಲೆ ಒಂದಾದ ಮೇಲೆ ಒಂದರಂತೆ ಕಾಲು ಕಾಲು ಸುತ್ತು. ಪ್ಯಾಕಿಂಗ್ ಸ್ವಲ್ಪ ಅದುಮಿತು ಅಂತ ಕಂಡ ತಕ್ಷಣ ನಿಲ್ಲಿಸಿ.

ಪೆಟ್ರೋಲ್, ಥಿನ್ನರ್ ಇವುಗಳಿಂದ ಗ್ಲಾಸ್ ತೊಳೆಯಬೇಡಿ. ಮೇಲೆ ಏನೂ ಕಾಣದಿದ್ದರೂ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತವೆ. ಸ್ಕ್ರೂ ಕಳಚದಿರಲಿ ಅಂತ ಥ್ರೆಡ್‌ಗೆ ಹಾಕುವ ದ್ರವವೂ ಅಷ್ಟೇ, ಗ್ಲಾಸಿಗೆ ತಾಗಿದರೆ ಬಿರುಕು ಬಿಡಿಸುತ್ತದೆ. ಸಾಬೂನು ನೀರು ಸಾಕು.

ಒಳಗೆ ನೀರು ನಿಂತಿದ್ದರೆ

ಗ್ಲಾಸಿನ ಒಳಗೆ ಹನಿ ಕಂಡರೆ ಎಲ್ಲರೂ ಮೇಲಿನಿಂದ ಸೀಲ್ ಮಾಡಲು ಹೊರಡುತ್ತಾರೆ. ಮೊದಲು ಕೆಳಗೆ ನೋಡಿ. ಎಷ್ಟೋ ಲೈಟುಗಳ ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತದೆ. ನಮ್ಮ ಕಡೆ ಅದು ಮುಚ್ಚಿಹೋಗುವುದು ಎರಡು ಕಾರಣಕ್ಕೆ. ಒಂದು, ಚಕ್ರ ಎರಚಿದ ಕೆಂಪು ಮಣ್ಣು. ಇನ್ನೊಂದು, ಕುಂಬಾರ ಹುಳ. ಶೆಡ್ಡಿನಲ್ಲಿ ಎರಡು ವಾರ ಕಾರು ನಿಂತರೆ ಸಾಕು, ಅದು ಮಣ್ಣು ತಂದು ಸಿಕ್ಕ ತೂತಿಗೆಲ್ಲ ಗೂಡು ಕಟ್ಟುತ್ತದೆ. ಕಳೆದ ಸಲ ನನ್ನ ಬಲಗಡೆ ಟೈಲ್ ಲೈಟಿನಲ್ಲಿ ಅರ್ಧ ಲೋಟ ನೀರು ಇತ್ತು. ಹಿಡಿಕಡ್ಡಿ ಚುಚ್ಚಿದ ಕೂಡಲೇ ಮಣ್ಣಿನ ಬಿರಡೆ ಕಳಚಿ ನೀರೆಲ್ಲ ಹೊರಗೆ ಬಂತು. ಸಿಲಿಕಾನ್ ಹಚ್ಚಿದ್ದರೆ ಆ ನೀರು ಒಳಗೇ ಉಳಿಯುತ್ತಿತ್ತು.

ತೂತು ಬಿಡಿಸಿಯೂ ನೀರು ಬಂದರೆ ಚೊಂಬಿನಲ್ಲಿ ನೀರು ತಂದು ಕೆಳಗಿನಿಂದ ಮೇಲಕ್ಕೆ ಪರೀಕ್ಷೆ ಮಾಡಿ. ಮೊದಲು ಗ್ಲಾಸಿನ ಕೆಳ ಅಂಚಿಗೆ ಮಾತ್ರ ಸುರಿದು ಐದು ನಿಮಿಷ ಕಾಯಿರಿ, ಆಮೇಲೆ ಪಕ್ಕ, ಕೊನೆಗೆ ಮೇಲೆ. ಮೇಲಿನಿಂದಲೇ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಎಲ್ಲಿಂದ ನುಗ್ಗಿತು ಅಂತ ಗೊತ್ತಾಗುವುದಿಲ್ಲ.

ಗ್ಲಾಸ್ ಸಡಿಲವಾದದ್ದಕ್ಕೂ ಲೈಟ್ ಮಂಕಾದದ್ದಕ್ಕೂ ನಂಟು ಇರುತ್ತದೆ. ಹಳೆ ಕಾರುಗಳಲ್ಲಿ ಲೈಟಿನ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಹೆಚ್ಚಾಗಿ ಲೈಟನ್ನು ಕಾರಿನ ಬಾಡಿಗೆ ಹಿಡಿದ ಅದೇ ಸ್ಕ್ರೂ, ನಟ್ಟುಗಳ ಮೂಲಕ. ಅಲ್ಲಿ ತುಕ್ಕು ಬಂದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವುದು, ಪಾರ್ಕ್ ಲೈಟ್ ಹಾಕಿದಾಗ ಬ್ರೇಕ್ ಲೈಟ್ ಅರೆಬರೆ ಉರಿಯುವುದು ಶುರುವಾಗುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಹಾಗೆ ಮಿನುಗಿಸುವ ಸಣ್ಣ ಡಬ್ಬಿಗೆ ಫ್ಲ್ಯಾಶರ್ ಅನ್ನುತ್ತಾರೆ. ಹಳೆಯ ಬಿಸಿಯಾಗಿ ಕೆಲಸ ಮಾಡುವ ಫ್ಲ್ಯಾಶರ್ ಆದರೆ ಅರ್ತ್ ಕೆಟ್ಟಾಗ ನಿಧಾನ ಆಗುತ್ತದೆ ಇಲ್ಲವೇ ಮಿನುಗದೆ ಹಾಗೇ ಉರಿದು ನಿಲ್ಲುತ್ತದೆ. ಹೊಸ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಆದರೆ ಜಾಸ್ತಿ ವೇಗವಾಗುತ್ತದೆ.

ಮಲ್ಟಿಮೀಟರ್ ಇದ್ದರೆ ಲೈಟ್ ಉರಿಯುತ್ತಿರುವಾಗಲೇ ಒಂದು ಕಡ್ಡಿ ಬಲ್ಬ್ ಹೋಲ್ಡರ್‌ನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. 0.1, 0.2 ವೋಲ್ಟ್ ತೋರಿಸಿದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಸ್ಕ್ರೂ ಕೂರುವ ಜಾಗವನ್ನು ಎಮರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಬಿಗಿದು, ಆಮೇಲೆ ಮೇಲೆ ಗ್ರೀಸ್ ಹಚ್ಚಿ. ನಾನು ಇನ್ನೂ ಒಂದು ಹೆಜ್ಜೆ ಹೋಗಿ ಎರಡೂ ಟೈಲ್ ಲೈಟುಗಳಿಂದ ಬೇರೆ ವಯರ್ ಎಳೆದು ಡಿಕ್ಕಿಯ ಒಳಗೆ ಒಳ್ಳೆ ತಗಡಿರುವ ಕಡೆ ಅರ್ತ್ ಕೊಟ್ಟಿದ್ದೇನೆ. 15 ವರ್ಷ ದಾಟಿದ ಕಾರನ್ನು ಐದೈದು ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಒಯ್ಯಬೇಕಲ್ವಾ, ಆಗ ಲೈಟುಗಳನ್ನು ಮೊದಲು ನೋಡುತ್ತಾರೆ.

ತೂತೇ ಹೋಗಿದ್ದರೆ

ನನ್ನ ಹೆಡ್‌ಲೈಟಿನ ಕಥೆ ಇಲ್ಲಿಗೆ ಬಂದು ನಿಂತಿತು. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ತುಕ್ಕಿನ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, "ಸ್ಕ್ರೂ ಎಂತ ಮಾಡ್ತದೆ ಮಾರಾಯ್ರೆ, ಕಚ್ಚಲಿಕ್ಕೆ ತಗಡು ಬೇಕಲ್ಲ" ಅಂದರು. ಅವರ ಪರೀಕ್ಷೆಯನ್ನೇ ನೀವೂ ಮಾಡಿ. ಚುಚ್ಚಿದಾಗ ತುದಿ ಗಟ್ಟಿ ತಗಡಿಗೆ ತಾಗಿದರೆ ಮೇಲಿನ ತುಕ್ಕು ಮಾತ್ರ. ತೆಗೆದು ಪ್ರೈಮರ್ ಹಚ್ಚಿ, ಒಂದು ಸೈಜ್ ದೊಡ್ಡ ಸ್ಕ್ರೂ ಇಲ್ಲವೇ ತೂತಿಗೆ ಸಿಕ್ಕಿಸುವ ನೈಲಾನ್ ಬುಷ್ ಹಾಕಬಹುದು. ತುದಿ ಒಳಗೆ ಇಳಿದರೆ ಆ ತಗಡನ್ನು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಲೇಬೇಕು. ಎಂ-ಸೀಲ್ (ಕಲಸಿ ಹಚ್ಚಿದರೆ ಗಟ್ಟಿಯಾಗುವ ಅಂಟು ಮೆತ್ತೆ) ತುಂಬಿ ಅದರಲ್ಲಿ ಸ್ಕ್ರೂ ಕೂರಿಸುವವರಿದ್ದಾರೆ. ಸುತ್ತ ತುಕ್ಕು ನಡೆಯುತ್ತಲೇ ಇರುವುದರಿಂದ ಒಂದು ದಿನ ಆ ಉಂಡೆಯೇ ಸ್ಕ್ರೂ ಸಮೇತ ಉದುರುತ್ತದೆ.

ಅಂಟು ಬೇಕಾಗುವ ಜಾಗವೂ ಇದೆ. ಕ್ಲಿಪ್ಪಿಲ್ಲದ ತೆಳು ಪಟ್ಟಿ, ಕಾರಿನ ಹಿಂಭಾಗದ ಹೆಸರಿನ ಅಕ್ಷರಗಳು ಇಂಥವಕ್ಕೆ ಕಾರಿನ ಬಾಡಿಗೆ ಅಂಟಿಸುವ, ಎರಡೂ ಬದಿ ಅಂಟಿರುವ ಒಳ್ಳೆ ಡಬಲ್ ಟೇಪ್ ಸಾಕು. ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಅಂಟಿಸಿ ಗಟ್ಟಿಯಾಗಿ ಒತ್ತಿ. ಪೂರ್ತಿ ಹಿಡಿತ ಬರಲು 72 ಗಂಟೆ ಬೇಕು. ಪುನರ್ವಸು ಮಳೆ ಸುರಿಯುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ, ಬೇಸಿಗೆಯಲ್ಲೇ ಮುಗಿಸಿ. ಕ್ಷಣದಲ್ಲಿ ಹಿಡಿಯುವ ಅಂಟನ್ನು ಲೈಟ್ ಗ್ಲಾಸಿನ ಹತ್ತಿರ ತರಬೇಡಿ, ಅದರ ಆವಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಸಿಲಿಕಾನ್ ಹಾಕಲೇಬೇಕಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು, ಕಬ್ಬಿಣವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ.

ಎಲ್ಲ ಜೋಡಿಸಿದ ಮೇಲೆ ಹಾಳಾದ ರಸ್ತೆಯಲ್ಲಿ ಒಂದು 40 ಕಿಲೋಮೀಟರ್ ಓಡಿಸಿ ಬಂದು ಮತ್ತೆ ಸ್ಕ್ರೂಡ್ರೈವರ್ ಹಿಡಿಯಿರಿ. ಸ್ಕ್ರೂ ಕಾಲು ಸುತ್ತು ತಿರುಗಿದರೆ ಹೊಸ ರಬ್ಬರ್ ತನ್ನ ಜಾಗದಲ್ಲಿ ಕೂತಿದೆ, ಅಷ್ಟಕ್ಕೇ ಬಿಡಿ. ಒಂದು ಸುತ್ತಿಗಿಂತ ಜಾಸ್ತಿ ತಿರುಗಿದರೆ ಬಿಗಿಯಬೇಡಿ. ಬಿಚ್ಚಿ, ತೂತನ್ನು ಇನ್ನೊಂದು ಸಲ ಚುಚ್ಚಿ ನೋಡಿ.